ಸಾರಿನ ಪಾತ್ರೆಯ ಸಾಕ್ಷಿ

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಕ್ಕಳ ತಟ್ಟೆಗೆ ಬೀಳುವ ಮೊದಲು ಒಂದು ಸೌಟು ಅನ್ನ ಸಾರು ನನ್ನ ತಟ್ಟೆಗೆ ಬೀಳುತ್ತದೆ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬುದು ನಿಯಮ. ಅಡುಗೆಯ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನ ಮುಖವನ್ನೇ ನೋಡುತ್ತಾರೆ. "ಉಪ್ಪು ಸರಿಹೋಯ್ತಾ ಮೇಡಂ?" ಎನ್ನುತ್ತಾರೆ. ನಾನು ತಲೆಯಾಡಿಸಿದ ಮೇಲೆ ಮಕ್ಕಳ ಸಾಲು ಮುಂದಕ್ಕೆ ಸರಿಯುತ್ತದೆ. ಆಗೆಲ್ಲ ನನಗೆ ಒಳಗೊಳಗೇ ಒಂದು ಅಳುಕು. ಉಪ್ಪು, ಹುಳಿ, ಖಾರ ನನ್ನ ನಾಲಿಗೆಗೆ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಿನದು ಅದಕ್ಕೆ ಏನು ತಿಳಿದೀತು?

ಈ ಅಳುಕು ಹುಟ್ಟಿದ್ದು 2013ರಲ್ಲಿ. ಆ ವರ್ಷ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತೆಂದು ಪ್ರಯೋಗಾಲಯ ಹೇಳಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಜೊತೆಗೆ, ಹದಿನೈದು ವರ್ಷ ಹಿಂದೆ ಮಂಡಿಕಲ್ಲಿನಲ್ಲಿ ನಾನು ಕಣ್ಣಾರೆ ಕಂಡ ಒಂದು ಸಂಗತಿ ಮತ್ತೆ ನೆನಪಿಗೆ ಬಂತು. ಅದನ್ನು ಹೇಳಿಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಅದು 1998ನೆಯ ಇಸವಿ. ನಾನು ಮಂಡಿಕಲ್ಲಿಗೆ ಬಂದು ಎರಡು ವರ್ಷವಾಗಿತ್ತು. ನಾವು ಬಾಡಿಗೆಗಿದ್ದ ಬೀದಿಯ ಕೊನೆಯ ಮನೆಯವರಿಗೆ ಒಂದಿಷ್ಟು ದ್ರಾಕ್ಷಿ ತೋಟ, ಒಂದಿಷ್ಟು ಹಿಪ್ಪುನೇರಳೆ. ಮಗನಿಗೆ ಮದುವೆಯಾಗಿ ಇನ್ನೂ ಮೂರು ವರ್ಷ. ಒಂದು ಮಧ್ಯಾಹ್ನ ಅವನು ತೋಟದಿಂದ ಬಂದು ಮುದ್ದೆ, ಬಸ್ಸಾರು ಉಂಡ. ಉಂಡು ಎದ್ದ ಸ್ವಲ್ಪ ಹೊತ್ತಿಗೇ ವಾಂತಿ, ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕೈಕಾಲಿನ ಮಾಂಸವೆಲ್ಲ ಅದುರತೊಡಗಿತು. ಟೆಂಪೋದಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದರು. ರಾತ್ರಿ ಹೆಣವಾಗಿ ಬಂದ.

ಬೆಳಗಾಗುವುದರೊಳಗೆ ಬೀದಿಯಲ್ಲಿ ಮಾತು ಹುಟ್ಟಿತ್ತು. "ಸೊಸೆ ಸಾರಿಗೆ ಏನೋ ಹಾಕಿದಳಂತೆ." "ಗಂಡ ಹೆಂಡತಿಗೆ ಮೊನ್ನೆ ಜಗಳವಾಗಿತ್ತಂತೆ." "ಅವಳು ಅದೇ ಸಾರು ಉಣ್ಣಲೇ ಇಲ್ಲವಂತೆ." ಗಂಡನಿಗೆ ಬಡಿಸಿದ ಮೇಲೆ ತಾನೇ ಹೆಂಡತಿ ಉಣ್ಣುವುದು, ಅಷ್ಟರಲ್ಲಿ ಅವನು ಒದ್ದಾಡುತ್ತಿದ್ದ ಎಂದು ಯಾರೂ ಯೋಚಿಸಲಿಲ್ಲ. ಅಂತೆ ಕಂತೆಗಳ ಸಂತೆ ಎಂಬ ಮಾತನ್ನು ನಾನು ಆ ದಿನ ಕಣ್ಣಿನಿಂದ ನೋಡಿದೆ. ಇಪ್ಪತ್ತೊಂದು ವರ್ಷದ ಆ ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಳು. ಅವಳ ಪಕ್ಕದಲ್ಲಿ ಯಾರೂ ಕುಳಿತಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕುಳಿತಿರಲಿಲ್ಲ.

ತನಿಖೆಗೆ ಬಂದ ಸಬ್‌ಇನ್ಸ್‌ಪೆಕ್ಟರು ಹೆಚ್ಚು ಮಾತಾಡದ ಮನುಷ್ಯ. ಸಾರಿನ ಪಾತ್ರೆಯನ್ನು ತೊಳೆಯಲು ಬಿಡಲಿಲ್ಲ. ಉಳಿದ ಸಾರು, ಮುದ್ದೆ, ಅವನು ತೊಟ್ಟಿದ್ದ ಅಂಗಿ, ತಲೆಗೆ ಸುತ್ತಿದ್ದ ಟವೆಲ್ಲು, ತೋಟದಲ್ಲಿದ್ದ ಔಷಧಿ ಡಬ್ಬಿ, ಒಂದೊಂದನ್ನೂ ಬೇರೆ ಬೇರೆ ಕಟ್ಟಿಸಿ, ಪಂಚರ ಮುಂದೆ ಅರಗಿನ ಮುದ್ರೆ ಒತ್ತಿಸಿಕೊಂಡು ಹೋದರು. ಸಾರಿನ ಪಾತ್ರೆಯನ್ನು ಪೊಲೀಸರು ಹೊತ್ತುಕೊಂಡು ಹೋದರೆಂಬುದೇ ಊರಿಗೆ ಸಾಕಾಯಿತು. ಸೊಸೆಯನ್ನು ತವರಿನವರು ಬಂದು ಕರೆದೊಯ್ದರು.

ಅಡುಗೆ ಮಾಡುವ ಕೈಯ ಮೇಲೆಯೇ ಮೊದಲು ಅನುಮಾನ ಬೀಳುವುದು ನಮ್ಮ ಬೀದಿಯಲ್ಲಿ ಹುಟ್ಟಿದ್ದೇನೂ ಅಲ್ಲ. ನಾನು ಚರಿತ್ರೆ ಓದಿಕೊಂಡವಳು. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ಮಕ್ಕಳಿಗೆ ಎಷ್ಟೋ ಸಲ ಬಾಯಿಪಾಠ ಮಾಡಿಸಿದ್ದೇನೆ. ಆ ಗ್ರಂಥದ ತಾಳೆಗರಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿಯೇ. ಅಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅಚ್ಚು ಹಾಕಿಸಿದರು. ಅದರ ನಾಲ್ಕನೆಯ ಅಧಿಕರಣದಲ್ಲಿ ಹಠಾತ್ತಾಗಿ ಸತ್ತವರ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ಕೈಕಾಲು, ಹಲ್ಲು, ಉಗುರು ಕಪ್ಪಾಗಿದ್ದು ಬಾಯಲ್ಲಿ ನೊರೆಯಿದ್ದರೆ ವಿಷದ ಸಾವೆಂದು ತಿಳಿಯಬೇಕು. ಹೊಟ್ಟೆಯಿಂದ ತೆಗೆದದ್ದನ್ನು ಬೆಂಕಿಗೆ ಹಾಕಿದಾಗ ಚಿಟಚಿಟ ಎಂದು ಕಾಮನಬಿಲ್ಲಿನ ಬಣ್ಣ ಬಂದರೆ ಅದರಲ್ಲಿ ವಿಷವಿದೆ. ಇದಾದ ಮೇಲೆ ಯಾರನ್ನು ವಿಚಾರಿಸಬೇಕೆಂಬ ಪಟ್ಟಿ ಬರುತ್ತದೆ: ಬೈಸಿಕೊಂಡ, ಹೊಡೆಸಿಕೊಂಡ ಆಳುಗಳು, ದುಃಖದಲ್ಲಿರುವ ಅಥವಾ ಪರಪುರುಷನಲ್ಲಿ ಮನಸ್ಸಿಟ್ಟ ಮನೆಯ ಹೆಂಗಸರು, ಆಸ್ತಿಗೆ ಕಣ್ಣು ಹಾಕಿದ ನೆಂಟರು. ದುಃಖದಲ್ಲಿರುವುದೇ ಹೆಂಗಸಿಗೆ ಒಂದು ಅಪರಾಧದ ಗುರುತಾಯಿತಲ್ಲ ಎಂದು ಓದುವಾಗ ನನಗೆ ಕಸಿವಿಸಿಯಾಯಿತು. ಆದರೂ ನೆಂಟರನ್ನು ಬಿಡಲಿಲ್ಲವಲ್ಲ, ಕೌಟಿಲ್ಯ ನಮ್ಮ ಬೀದಿಗಿಂತ ವಾಸಿ.

ರಾಜನ ಊಟವನ್ನು ಮೊದಲು ಬೆಂಕಿಗೂ ಪಕ್ಷಿಗಳಿಗೂ ಹಾಕಿ ನೋಡಬೇಕೆಂದೂ ಅದರಲ್ಲಿ ಹೇಳಿದೆ. ವಿಷ ಕಂಡರೆ ಗಿಳಿ ಕಿರುಚುತ್ತದೆ, ಚಕೋರದ ಕಣ್ಣಿನ ಬಣ್ಣ ಬದಲಾಗುತ್ತದೆ ಇತ್ಯಾದಿ. ಇದನ್ನು ಓದಿ ನಗುವವರು ನಮ್ಮ ಕಡೆಯ ಹುಳು ಮನೆಗೆ ಒಮ್ಮೆ ಬರಬೇಕು. ಪಕ್ಕದ ಟೊಮೇಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಮನುಷ್ಯನ ಕಣ್ಣಿಗೂ ಮೂಗಿಗೂ ತಿಳಿಯುವುದಿಲ್ಲ. ರೇಷ್ಮೆ ಹುಳುವಿಗೆ ತಿಳಿಯುತ್ತದೆ. ತಲೆ ಆಡಿಸುತ್ತದೆ, ಹಸಿರು ರಸ ಕಕ್ಕುತ್ತದೆ, ಮೈ ಮುದುಡಿಕೊಂಡು ಸಾಯುತ್ತದೆ. ಅದಕ್ಕೇ ಅನುಮಾನದ ಸೊಪ್ಪನ್ನು ಮೊದಲು ನಾಲ್ಕಾರು ಹುಳುಗಳಿಗೆ ಹಾಕಿ ನೋಡಿ ಆಮೇಲೆ ಉಳಿದವಕ್ಕೆ ಹಾಕುವ ಜಾಣ ಹೆಂಗಸರು ನಮ್ಮಲ್ಲಿದ್ದಾರೆ. ಕೌಟಿಲ್ಯನ ಪಕ್ಷಿಗಳ ಕೆಲಸವೂ ಇದೇ ಅಲ್ಲವೆ? ಕನ್ನಡದಲ್ಲಿಯೂ ಈ ವಿದ್ಯೆ ಹಳೆಯದು. 14ನೆಯ ಶತಮಾನದಲ್ಲಿ ಜೈನ ಕವಿ ಮಂಗರಾಜ ವಿಷವೈದ್ಯದ ಬಗ್ಗೆಯೇ 'ಖಗೇಂದ್ರಮಣಿದರ್ಪಣ' ಎಂಬ ಗ್ರಂಥ ಬರೆದಿದ್ದಾನೆ.

ಹುಳು ಸತ್ತರೆ ವಿಷವಿದೆ ಎಂದಷ್ಟೇ ಗೊತ್ತಾಗುತ್ತದೆ. ಯಾವ ವಿಷ, ಎಷ್ಟು, ಎಂದು ಹುಳು ಹೇಳಲಾರದು. ಅದನ್ನು ಹೇಳುವ ವಿದ್ಯೆ ಗಟ್ಟಿಯಾದದ್ದು ಸುಮಾರು ಇನ್ನೂರು ವರ್ಷಗಳಿಂದೀಚೆಗೆ, ಯೂರೋಪಿನಲ್ಲಿ. ಅಲ್ಲಿ ಆಗ ಪಾಷಾಣದ್ದೇ, ಎಂದರೆ ಆರ್ಸೆನಿಕ್‌ನದೇ ಭಯ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಸಾವು ವಾಂತಿಭೇದಿಯ ಸಾವಿನ ಹಾಗೆಯೇ ಕಾಣುತ್ತದೆ. 1833ರಲ್ಲಿ ಇಂಗ್ಲೆಂಡಿನಲ್ಲಿ ಅಜ್ಜನ ಕಾಫಿಗೆ ಪಾಷಾಣ ಬೆರೆಸಿದನೆಂದು ಮೊಮ್ಮಗನೊಬ್ಬನ ವಿಚಾರಣೆಯಾಯಿತು. ಜೇಮ್ಸ್ ಮಾರ್ಷ್ ಎಂಬ ರಸಾಯನಶಾಸ್ತ್ರಜ್ಞ ಕಾಫಿಯಲ್ಲಿ ವಿಷ ಕಂಡುಹಿಡಿದ. ಆದರೆ ಅವನು ತೆಗೆದಿಟ್ಟ ಹಳದಿ ಗಸಿ ನ್ಯಾಯಾಲಯದಲ್ಲಿ ತೋರಿಸುವ ಹೊತ್ತಿಗೆ ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ, ಆಮೇಲೆ ತಾನೇ ತಪ್ಪೊಪ್ಪಿಕೊಂಡನಂತೆ. ಈ ಸೋಲನ್ನು ಮಾರ್ಷ್ ಮರೆಯಲಿಲ್ಲ. 1836ರಲ್ಲಿ ಹೊಸ ವಿಧಾನವೊಂದನ್ನು ಪ್ರಕಟಿಸಿದ. ಅನುಮಾನದ ಪದಾರ್ಥಕ್ಕೆ ಸತು ಮತ್ತು ಆಮ್ಲ ಸೇರಿಸಿದರೆ ಆರ್ಸೆನಿಕ್ ಅನಿಲವಾಗಿ ಹೊರಬರುತ್ತದೆ. ಅದನ್ನು ಹೊತ್ತಿಸಿ ತಣ್ಣನೆಯ ಪಿಂಗಾಣಿ ಹಿಡಿದರೆ ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆ ಕೂರುತ್ತದೆ. ಸಾಸಿವೆಕಾಳಿಗಿಂತ ಎಷ್ಟೋ ಕಡಿಮೆ ವಿಷವನ್ನೂ ಅದು ಬಿಡದೆ ತೋರಿಸುತ್ತಿತ್ತು.

ನಾಲ್ಕೇ ವರ್ಷಕ್ಕೆ, 1840ರಲ್ಲಿ, ಫ್ರಾನ್ಸಿನಲ್ಲಿ ಮರಿ ಲಫಾರ್ಜ್ ಎಂಬ ತರುಣಿ ಗಂಡನಿಗೆ ಪಾಷಾಣ ಹಾಕಿದಳೆಂಬ ಮೊಕದ್ದಮೆ ನಡೆಯಿತು. ಊರಿನ ಪರೀಕ್ಷಕರು ಒಮ್ಮೆ ವಿಷವಿದೆ ಎಂದರು, ಇನ್ನೊಮ್ಮೆ ಇಲ್ಲವೆಂದರು. ಕೊನೆಗೆ ಪ್ಯಾರಿಸಿನಿಂದ ಒರ್ಫಿಲಾ ಎಂಬ ದೊಡ್ಡ ಪಂಡಿತರನ್ನು ಕರೆಸಿದರು. 1814ರಲ್ಲಿಯೇ ವಿಷಗಳ ಬಗ್ಗೆ ಮಹಾಗ್ರಂಥ ಪ್ರಕಟಿಸಿದ್ದವರು ಅವರು. ಅವರು ದೇಹದಲ್ಲಿ ಆರ್ಸೆನಿಕ್ ಇದೆಯೆಂದು ತೋರಿಸಿದರು. ಸಮಾಧಿಯ ಸುತ್ತಲಿನ ಮಣ್ಣಿನಿಂದ ಅದು ಬಂದದ್ದಲ್ಲವೆಂದೂ ಹೇಳಿದರು. ಅವಳಿಗೆ ಜೀವಾವಧಿ ಶಿಕ್ಷೆಯಾಯಿತು. ಅಂದಿನಿಂದ ವಿಷದ ಮೊಕದ್ದಮೆಯಲ್ಲಿ ರಸಾಯನಶಾಸ್ತ್ರಜ್ಞನಿಲ್ಲದೆ ಕೋರ್ಟು ಮುಂದೆ ಹೋಗದಂತಾಯಿತು. ಸಸ್ಯಗಳಿಂದ ಬರುವ ವಿಷವನ್ನು ಮಾತ್ರ ಹೆಣದಿಂದ ಬೇರ್ಪಡಿಸಲು ಸಾಧ್ಯವೇ ಇಲ್ಲವೆಂದು ತಿಳಿದಿದ್ದರು. 1850ರಲ್ಲಿ ಬೆಲ್ಜಿಯಂನ ಸ್ಟಾಸ್ ಎಂಬಾತ ಒಂದು ಕೊಲೆಯ ತನಿಖೆಯಲ್ಲಿ ಹೊಗೆಸೊಪ್ಪಿನ ನಿಕೋಟಿನನ್ನು ಬೇರ್ಪಡಿಸಿ ತೋರಿಸಿದ ಮೇಲೆ ಆ ಮಾತೂ ಸುಳ್ಳಾಯಿತು. ನಮ್ಮ ದೇಶದಲ್ಲಿ ಸರ್ಕಾರದ ರಸಾಯನ ಪರೀಕ್ಷಕರ ಪ್ರಯೋಗಾಲಯ ಮೊದಲು ಆರಂಭವಾದದ್ದು 1849ರಲ್ಲಿ, ಮದರಾಸಿನಲ್ಲಿ. ಕಲ್ಕತ್ತ, ಆಗ್ರಾ, ಬೊಂಬಾಯಿಗಳಲ್ಲಿ ಆಮೇಲೆ ಬಂದವು.

ಇದೆಲ್ಲ ನಾನು ತಿಳಿದುಕೊಂಡದ್ದು ಒಂದು ಕಾಗದದ ದೆಸೆಯಿಂದ. ಆ ಹುಡುಗ ಸತ್ತ ಒಂಬತ್ತು ತಿಂಗಳಿಗೆ ಅವನ ಅಪ್ಪ ಒಂದು ಸಂಜೆ ನಮ್ಮ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಮಡಿಚಿದ ಹಾಳೆ. "ಇಂಗ್ಲೀಷ್‌ನಾಗೈತೆ ತಾಯಿ. ಏನು ಬರದವ್ರೆ ನೋಡಿ ಹೇಳಿ" ಎಂದರು. ನಾನು ಓದಿದೆ. ಅಕ್ಷರ ಗೊತ್ತು, ಅರ್ಥ ಗೊತ್ತಾಗಲಿಲ್ಲ. ಮರುದಿನ ನಮ್ಮ ವಿಜ್ಞಾನದ ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಪರಿಚಯದ ಡಾಕ್ಟರರೊಬ್ಬರ ಹತ್ತಿರ ಹೋದೆ. ಅವರು ಸಾವಧಾನವಾಗಿ ವಿವರಿಸಿದರು.

ಮರಣೋತ್ತರ ಪರೀಕ್ಷೆಯಲ್ಲಿ ಜಠರ ಮತ್ತು ಅದರೊಳಗಿನ ಆಹಾರ, ಸಣ್ಣ ಕರುಳಿನ ತುಂಡು, ಪಿತ್ತಜನಕಾಂಗದ ಒಂದು ಭಾಗ, ಮೂತ್ರಪಿಂಡ, ರಕ್ತ ಇವನ್ನು ಬೇರೆ ಬೇರೆ ಸೀಸೆಗಳಿಗೆ ಹಾಕುತ್ತಾರೆ. ಕೆಡದಿರಲಿ ಎಂದು ಅಂಗಗಳಿಗೆ ಹಾಕುವುದು ಏನೆಂದುಕೊಂಡಿರಿ? ನಾವು ಉಪ್ಪಿನಕಾಯಿಗೆ ಹಾಕುವ ಅದೇ ಉಪ್ಪಿನ ಗಟ್ಟಿ ನೀರು. ರಕ್ತಕ್ಕೆ ಮಾತ್ರ ಸೋಡಿಯಂ ಫ್ಲೋರೈಡು. ಬಳಸಿದ ಉಪ್ಪುನೀರನ್ನೂ ಒಂದು ಸೀಸೆಯಲ್ಲಿ ಪ್ರತ್ಯೇಕವಾಗಿ ಕಳಿಸುತ್ತಾರೆ, ನಾಳೆ ವಿಷ ಉಪ್ಪಿನಲ್ಲೇ ಇತ್ತು ಎಂದು ಯಾರೂ ಹೇಳದಿರಲಿ ಎಂದು. ಸೀಸೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆಲ್ಲ ದಾಖಲೆ ಇರಬೇಕು. ಮುದ್ರೆ ಒಡೆದಿದ್ದರೆ ಎಲ್ಲವೂ ವ್ಯರ್ಥ. ಪ್ರಯೋಗಾಲಯದಲ್ಲಿ ಆವಿಯಾಗುವ ವಿಷವನ್ನು ಕಾಯಿಸಿ ಬಟ್ಟಿ ಇಳಿಸುತ್ತಾರೆ. ಲೋಹದ ವಿಷಕ್ಕೆ ಮಾಂಸವನ್ನೆಲ್ಲ ಆಮ್ಲದಲ್ಲಿ ಕರಗಿಸುತ್ತಾರೆ. ಕೀಟನಾಶಕ, ನಿದ್ರೆಮಾತ್ರೆಗಳಂಥವನ್ನು ಸ್ಟಾಸ್ ತೋರಿಸಿದ ದಾರಿಯಲ್ಲಿ ದ್ರಾವಕಗಳಿಂದ ಸೆಳೆದುಕೊಳ್ಳುತ್ತಾರೆ. ಮಕ್ಕಳು ಶಾಲೆಯಲ್ಲಿ ಸೀಮೆಸುಣ್ಣಕ್ಕೆ ಶಾಯಿಯ ಚುಕ್ಕೆ ಇಟ್ಟು ನೀರಲ್ಲಿ ನಿಲ್ಲಿಸುತ್ತವಲ್ಲ, ಬಣ್ಣಗಳು ಬೇರೆ ಬೇರೆ ಎತ್ತರಕ್ಕೆ ಏರಿ ಬಿಡಿಬಿಡಿಯಾಗುತ್ತವಲ್ಲ, ಅದೇ ಉಪಾಯದಿಂದ ಒಂದೊಂದು ವಿಷವನ್ನೂ ಬಿಡಿಸಿ ಗುರುತು ಹಿಡಿಯುತ್ತಾರೆ. ಒಂದು ಪರೀಕ್ಷೆ 'ಇರಬಹುದು' ಎಂದರೆ ಬೇರೆ ಬಗೆಯ ಇನ್ನೊಂದು ಪರೀಕ್ಷೆಯೂ 'ಹೌದು' ಎನ್ನಬೇಕು.

ನಮ್ಮ ಹುಡುಗನ ವರದಿಯಲ್ಲಿ ರಕ್ತ, ಪಿತ್ತಜನಕಾಂಗಗಳಲ್ಲಿ ರಂಜಕದ ಜಾತಿಯ ಕೀಟನಾಶಕವಿತ್ತು. ಅಂಗಿಯಲ್ಲಿತ್ತು, ಟವೆಲ್ಲಿನಲ್ಲಿತ್ತು, ಡಬ್ಬಿಯಲ್ಲಿದ್ದದ್ದೂ ಅದೇ. ಜಠರದೊಳಗಿನ ಮುದ್ದೆಯಲ್ಲಿ ಇರಲಿಲ್ಲ. ಸಾರಿನಲ್ಲಿ ಇರಲಿಲ್ಲ. ಡಾಕ್ಟರು ಹೇಳಿದರು: "ಇದು ಬಾಯಿಂದ ಹೋದದ್ದಲ್ಲಮ್ಮ, ಚರ್ಮದಿಂದ ಹೋದದ್ದು." ಅವನು ಬಿಸಿಲಲ್ಲಿ, ಎದುರುಗಾಳಿಗೆ, ಅಂಗಿಯೆಲ್ಲ ತೊಯ್ಯುವಂತೆ ಔಷಧಿ ಹೊಡೆದಿದ್ದ, ಬರಿಗೈಯಲ್ಲೇ ಕಲಸಿದ್ದ. ನರ ಮತ್ತು ಸ್ನಾಯುಗಳ ನಡುವೆ ಸುದ್ದಿ ಒಯ್ಯುವ ವಸ್ತುವೊಂದು ನಮ್ಮ ಮೈಯಲ್ಲಿದೆ. ಅದರ ಕೆಲಸ ಮುಗಿದೊಡನೆ ಅದನ್ನು ಒಡೆದುಹಾಕುವ ಕಿಣ್ವವೂ ಇದೆ. ಈ ಔಷಧಿ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಬೆವರು, ಜೊಲ್ಲು, ಕಣ್ಣೀರು, ನಡುಕ ಯಾವುದೂ ನಿಲ್ಲುವುದಿಲ್ಲ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕೊನೆಗೆ ಉಸಿರು ಕಟ್ಟುತ್ತದೆ. ಬೇಗ ಕರೆತಂದರೆ ಆಟ್ರೊಪಿನ್ ಚುಚ್ಚುಮದ್ದಿನಿಂದ ಎಷ್ಟೋ ಜನ ಬದುಕುತ್ತಾರೆ. ವಿಷವನ್ನು ಔಷಧಿ ಎಂದು ಕರೆಯುವ ನಾವು ಅದನ್ನು ಔಷಧಿಯ ಹಾಗೆಯೇ ಮೈಗೆ ಬಳಿದುಕೊಳ್ಳುತ್ತೇವೆ.

ವಿಷ ಸಿಕ್ಕಿದ ಮಾತ್ರಕ್ಕೆ ಸಾಲದು, ಎಲ್ಲಿ ಸಿಕ್ಕಿತು, ಎಷ್ಟು ಸಿಕ್ಕಿತು ಎಂಬುದೇ ಮುಖ್ಯ ಎಂದು ನನಗೆ ಅಂದು ತಿಳಿಯಿತು. ಇದನ್ನು ಮರೆತರೆ ವಿಜ್ಞಾನವೂ ಬೀದಿಯ ಬಾಯಿಯಾಗಿಬಿಡಬಹುದು. ಫ್ರಾನ್ಸಿನಲ್ಲಿಯೇ 1949ರಲ್ಲಿ ಮರಿ ಬೆನಾರ್ ಎಂಬ ವಿಧವೆಯನ್ನು ಗಂಡನೂ ಸೇರಿ ಹತ್ತಕ್ಕೂ ಹೆಚ್ಚು ಜನರಿಗೆ ಪಾಷಾಣವಿಟ್ಟಳೆಂದು ಬಂಧಿಸಿದರು. ಹೂತ ಹೆಣಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಆರ್ಸೆನಿಕ್. ಆದರೆ ಸ್ಮಶಾನದ ಮಣ್ಣಿನಲ್ಲೇ ಆರ್ಸೆನಿಕ್ ಇತ್ತು. ಅದು ಹೆಣಕ್ಕೆ ಇಳಿಯಲಾರದೆಂದು ಯಾವ ಪಂಡಿತನೂ ಖಚಿತವಾಗಿ ಹೇಳದಾದ. ಮೂರು ಸಲ ವಿಚಾರಣೆಯಾಗಿ, 1961ರಲ್ಲಿ ಅವಳು ಖುಲಾಸೆಯಾದಳು. ಅಷ್ಟರಲ್ಲಿ ಹನ್ನೆರಡು ವರ್ಷ ಕಳೆದಿತ್ತು.

ಮಣ್ಣೇ ವಿಷ ಕೊಡುತ್ತದೆಂದರೆ ನಮ್ಮ ಸೀಮೆಯವರಿಗೆ ಆಶ್ಚರ್ಯವಾಗಬೇಕಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಲೆಕ್ಕ. ಸ್ವಲ್ಪವಿದ್ದರೆ ಹಲ್ಲಿಗೆ ಒಳ್ಳೆಯದೇ. ಹೆಚ್ಚಾದರೆ ಹಲ್ಲು ಕಂದುತ್ತದೆ, ಮೂಳೆ ಬಿಗಿಯುತ್ತದೆ. ನನ್ನ ತರಗತಿಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವ ಹೆಣ್ಣುಮಕ್ಕಳನ್ನು ನಾನು ಎಷ್ಟು ಕಂಡಿದ್ದೇನೋ. ಅವರಿಗೆ ವಿಷವಿಟ್ಟವರು ಯಾರೂ ಇಲ್ಲ, ಹಾಗಾಗಿ ಊರಿನಲ್ಲಿ ಯಾರೂ ಅದನ್ನು ವಿಷ ಎನ್ನುವುದಿಲ್ಲ.

ನ್ಯಾಯಾಲಯಗಳೂ ಈ ಎಚ್ಚರವನ್ನು ಕಲಿತಿವೆ. ಪುಣೆಯಲ್ಲಿ ಸಯನೈಡಿನಿಂದ ಸತ್ತ ಎಳೆಯ ಹೆಂಡತಿಯೊಬ್ಬಳ ಮೊಕದ್ದಮೆಯಲ್ಲಿ 1984ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದು: ಕೊಲ್ಲಲು ಸ್ಪಷ್ಟ ಕಾರಣವಿತ್ತು, ಸಾವು ವಿಷದಿಂದಲೇ ಆಯಿತು, ಆ ವಿಷ ಆರೋಪಿಯ ಬಳಿ ಇತ್ತು, ಅದನ್ನು ಕೊಡುವ ಅವಕಾಶ ಅವನಿಗಿತ್ತು ಎಂಬ ನಾಲ್ಕನ್ನೂ ತೋರಿಸಬೇಕು. ಅಡುಗೆ ಮಾಡಿದಳು ಎಂಬುದು ನಾಲ್ಕರಲ್ಲಿ ಒಂದಷ್ಟೇ. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹೊಟ್ಟೆನೋವು ತಾಳಲಾರದೆ ಗೃಹಿಣಿ ಸತ್ತಳೆಂಬ ಎರಡು ಸಾಲಿನ ಸುದ್ದಿಯನ್ನು ನಾವೆಲ್ಲ ಓದಿಕೊಂಡೇ ಬೆಳೆದವರು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಅನುಮಾನಾಸ್ಪದವಾಗಿ ಸತ್ತರೆ ಶವಪರೀಕ್ಷೆ ಆಗಲೇಬೇಕೆಂದು 1983ರಲ್ಲಿ ಕಾನೂನು ತಿದ್ದಿದ ಮೇಲೆ ಅಂಥ ಹೊಟ್ಟೆನೋವುಗಳಲ್ಲಿ ಕೆಲವಾದರೂ ಸೀಸೆಯ ಮುಂದೆ ಬಾಯಿಬಿಟ್ಟವು.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ಉಂಡವರಲ್ಲಿ 17 ಮಂದಿ ಸತ್ತರು. ಅದರಲ್ಲೂ ಸಿಕ್ಕಿದ್ದು ಬಿಹಾರದ ಮಕ್ಕಳನ್ನು ಕೊಂದ ಆ ಮೊನೊಕ್ರೊಟೊಫಾಸೇ. ತರಕಾರಿಗೆ ಅದನ್ನು ಹೊಡೆಯಬಾರದೆಂದು 2005ರಲ್ಲಿಯೇ ನಿಷೇಧವಾಗಿತ್ತು. ಮುಂದಿನ ತಿಂಗಳು, 2019ರ ಜನವರಿಯಲ್ಲಿ, ನಮ್ಮ ಚಿಂತಾಮಣಿಯ ಗಂಗಮ್ಮನ ಗುಡಿಯ ಹತ್ತಿರ ಹಂಚಿದ ಪ್ರಸಾದ ತಿಂದು ಇಬ್ಬರು ಹೆಂಗಸರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಆಮೇಲೆ ಎಷ್ಟೋ ದಿನ ನಮ್ಮ ಕಡೆ ದೇವಸ್ಥಾನದಲ್ಲಿ ಯಾರಾದರೂ ಪ್ರಸಾದ ನೀಡಿದರೆ ಹೆಂಗಸರು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು, ಬಾಯಿಗೆ ಹಾಕುತ್ತಿರಲಿಲ್ಲ. ಮತ್ತೆ ಅಂತೆಗಳ ಸಂತೆ ನೆರೆಯಿತು. ಇಂಥ ಹೊತ್ತಿನಲ್ಲಿ ತೊಳೆಯದ ಪಾತ್ರೆಯೊಂದನ್ನು ಎತ್ತಿಡುವ ವಿವೇಕ ಯಾರಿಗಾದರೂ ಇರಬೇಕು.

ಈಗ ಒಂದು ಬದಲಾವಣೆಯನ್ನು ನೋಡುತ್ತಿದ್ದೇನೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಒಂದು ದಿನ ಸ್ವಸಹಾಯ ಸಂಘದ ಹೆಂಗಸರು ನಮ್ಮ ಶಾಲೆಯ ಜಗಲಿಯಲ್ಲಿ ಕುಳಿತು ಪುಟ್ಟ ಸೀಸೆಗೆ ನಲ್ಲಿ ನೀರು ಹಿಡಿದು ಹನಿ ಹನಿಯಾಗಿ ದ್ರಾವಣ ಬಿಟ್ಟರು. ಫ್ಲೋರೈಡ್ ಹೆಚ್ಚಿದ್ದಷ್ಟೂ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ಬಣ್ಣದ ಪಟ್ಟಿಗೆ ಹಿಡಿದು ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ಮಕ್ಕಳು ಸುತ್ತ ನೆರೆದಿದ್ದವು. ನನಗೆ ಕಣ್ಣು ತುಂಬಿ ಬಂತು, ಯಾಕೆಂದು ಮಕ್ಕಳಿಗೆ ಹೇಳಲಿಲ್ಲ.

ಆ ಹುಡುಗಿಯ ಮಾವ ವರದಿಯ ಅರ್ಥ ಕೇಳಿದವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಬಸ್ಸು ಹತ್ತಿ ಸೊಸೆಯ ತವರಿಗೆ ಹೋದರು. ಅವಳು ಮರಳಿ ಬರಲಿಲ್ಲ. ಅಲ್ಲಿಯೇ ಹುಳು ಸಾಕಿಕೊಂಡು ಇದ್ದಾಳೆ. ಕೆಲವು ವರ್ಷಗಳ ಹಿಂದೆ ಆ ಊರಿಗೆ ಜನಗಣತಿಯ ಕೆಲಸಕ್ಕೆಂದು ಹೋದಾಗ ಅವಳೇ ಗುರುತು ಹಿಡಿದು "ಬನ್ನಿ ಟೀಚರಮ್ಮ" ಎಂದು ಕರೆದಳು. ಒಂದೇ ಪಾತ್ರೆಯಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸಿದಳು. ನನಗೆ ಒಂದು ಕೊಟ್ಟು, ನಾನು ಬಾಯಿಗಿಡುವ ಮೊದಲೇ ತನ್ನದರಲ್ಲಿ ಒಂದು ಗುಟುಕು ಕುಡಿದಳು. ಬಂದವರಿಗೆಲ್ಲ ಅವಳು ಹಾಗೆಯೇ ಮಾಡುತ್ತಾಳೆಂದು ಅವಳ ತಾಯಿ ಆಮೇಲೆ ಹೇಳಿದರು. ನಾನು ಕಾಫಿಯನ್ನು ಪೂರ್ತಿ ಕುಡಿದು, ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡೆ.